ವಸ್ತುಸಂಗ್ರಹಾಲಯದ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಮದರಾಸಿನ ಸಾಮಾನ್ಯ ಜನರು ಹಿಂದಿನ ಕಾಲದಲ್ಲಿ ತಮ್ಮೂರಿನ ಮ್ಯೂಸಿಯಮಿಗೆ ‘ಸೆತ್ತ ಕಾಲೇಜು’ ಎಂದೂ ಮೃಗಶಾಲೆಗೆ ‘ಉಯಿರ್ ಕಾಲೇಜು’ ಎಂದೂ ಹೆಸರಿಟ್ಟಿದ್ದರು. ಒಂದರಲ್ಲಿ ಸತ್ತ ಪ್ರಾಣಿಗಳು, ಇನ್ನೊಂದರಲ್ಲಿ ಜೀವವಿರುವ ಪ್ರಾಣಿಗಳು. ಎರಡೂ ನೋಡಿ ಕಲಿಯತಕ್ಕ ಸ್ಥಳಗಳಾದುದರಿಂದ ಎರಡೂ ಕಾಲೇಜುಗಳೇ. ಕಲ್ಕತ್ತೆಯವರು 1814ರಲ್ಲಿ ಸ್ಥಾಪಿತವಾದ ತಮ್ಮ ಮ್ಯೂಸಿಯಮನ್ನು ‘ಜಾದೂಘರ್’, ಎಂದರೆ ಮಾಯೆಯ ಮನೆ ಎಂದು ಕರೆಯುವರು. ಈ ಹೆಸರುಗಳನ್ನು ಕೇಳಿ ನಗುವವರು ನಗಲಿ. ನಮಗಾದರೋ ಮದರಾಸಿನವರ ಹಾಸ್ಯದೊಳಗೆ ಒಂದು ಸತ್ಯವು ಅಡಗಿರುವಂತೆ ತೋರುತ್ತದೆ. ಮ್ಯೂಸಿಯಂ ಒಂದು ಕಾಲೇಜೇ ಹೌದು. ಅಲ್ಲಿ ಕಲಿಯತಕ್ಕದ್ದು ಇದೆ. ಮತ್ತು ಅಲ್ಲಿ ಕೆಲಸಮಾಡುವುದನ್ನು ಸಹ ಕಲಿಯತಕ್ಕದ್ದಿದೆ. ಈ ಎರಡನೆಯ ವಿಷಯವನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ನಾಲ್ಕು ಮಾತುಗಳನ್ನಿಡಲು ಅಪೇಕ್ಷಿಸುತ್ತೇವೆ.

ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುವುದು ಯುಕ್ತ. ಕಳೆದ ವರ್ಷ ನಮ್ಮ ಶಾಲೆಯಲ್ಲಿ ಓದಿ ಅನಂತರ ಪಿ.ಯು.ಸಿ. ಮುಗಿಸಿದ ಒಬ್ಬ ಹುಡುಗಿ ತನ್ನ ತಂದೆಯೊಡನೆ ನಮ್ಮನ್ನು ಕಾಣಲು ಬಂದಳು. ಅವಳಿಗೆ ಬಿ.ಎ. ತರಗತಿಯಲ್ಲಿಯೇ ವಸ್ತುಸಂಗ್ರಹಾಲಯದ ಕೆಲಸವನ್ನು ಕಲಿಯಬೇಕೆಂಬ ಆಸೆ. ತಂದೆಯವರು ಕುರ್ಚಿಯಲ್ಲಿ ಕುಳಿತವರೇ, “ಟೀಚರೇ, ಇವಳಿಗೆ ಹಳೇ ಸಾಮಾನು ಕಾಯುವ ವಿದ್ಯೆ ಬೇಕಂತೆ. ಅದಕ್ಕೂ ಒಂದು ಪರೀಕ್ಷೆ ಉಂಟೇ? ಕಾವಲುಗಾರನಿಗೆ ಡಿಗ್ರಿ ಯಾಕೆ?” ಎಂದು ಕೇಳಿದರು. ಹುಡುಗಿ ತಲೆತಗ್ಗಿಸಿಕೊಂಡು ನಿಂತಿದ್ದಳು. ನಮ್ಮ ಬಳಿಯಲ್ಲಿ ಕೂಡಲೇ ಸರಿಯಾದ ಉತ್ತರವಿರಲಿಲ್ಲ. ಅವರು ಹೋದ ಮೇಲೆ ಬಹಳ ದಿವಸ ಆಲೋಚಿಸಿದೆವು. ಆ ಉತ್ತರವನ್ನೇ ಈಗ ಬರೆಯುತ್ತಿದ್ದೇವೆ.

ಕಾಯುವುದೆಂದರೇನು ಎಂಬುದೇ ಮೊದಲ ಪ್ರಶ್ನೆ. ಇದನ್ನು ನಮ್ಮದೇ ತಪ್ಪಿನಿಂದ ವಿವರಿಸುವೆವು. ನಮ್ಮ ಶಾಲೆಯಲ್ಲಿ ಹಿಂದಿನವರು ದಾನವಾಗಿ ಕೊಟ್ಟ ಒಂದು ಹಿತ್ತಾಳೆಯ ಕೈಗಂಟೆ ಇದೆ. ಪ್ರತಿ ವರ್ಷ ವಾರ್ಷಿಕೋತ್ಸವಕ್ಕೆ ಮುಂಚೆ ಅದನ್ನು ಹುಣಿಸೇಹಣ್ಣು ಮತ್ತು ಬೂದಿಯಿಂದ ತಿಕ್ಕಿ ಬಂಗಾರದಂತೆ ಹೊಳೆಯಿಸುವುದು ನಮ್ಮಲ್ಲಿ ರೂಢಿ. ಅದರ ಅಂಚಿನಲ್ಲಿ ಕೊಟ್ಟವರ ಹೆಸರು ಕೆತ್ತಿತ್ತು. ಈಗ ಅಲ್ಲಿ ಬೆರಳಿಗೆ ತಗಲುವ ಒಂದು ಗೀರು ಮಾತ್ರ ಉಳಿದಿದೆ. ಎಷ್ಟೋ ವರ್ಷಗಳ ನಮ್ಮ ಶ್ರದ್ಧೆಯೇ ಆ ಹೆಸರನ್ನು ತಿಂದುಹಾಕಿತು. ಇದಕ್ಕಿಂತ ದುಃಖಕರವಾದುದು ಇನ್ನೊಂದು. ಆರಂಭಕಾಲದ ಹಾಜರಿ ಪುಸ್ತಕವೊಂದರ ಹಾಳೆಗಳು ಹರಿದಿದ್ದುವು. ನಾವು ಒಳ್ಳೆಯದನ್ನೇ ಮಾಡುವೆವೆಂದು ಅವುಗಳಿಗೆ ಸೆಲ್ಲೋಟೇಪು ಅಂಟಿಸಿದೆವು. ಕೆಲವು ವರ್ಷಗಳಲ್ಲಿ ಆ ಅಂಟು ಕಂದುಬಣ್ಣಕ್ಕೆ ತಿರುಗಿ ಕಾಗದದೊಳಕ್ಕೆ ಇಳಿಯಿತು. ಒಬ್ಬ ಹಳೆಯ ವಿದ್ಯಾರ್ಥಿನಿ ತನ್ನ ಮುತ್ತಜ್ಜಿಯ ಹೆಸರನ್ನು ನೋಡಬೇಕೆಂದು ದೂರದಿಂದ ಬಂದಾಗ, ಆ ಸಾಲು ಇರಬೇಕಾದ ಸ್ಥಳದಲ್ಲಿ ಕಂದು ಪಟ್ಟಿಯೊಂದೇ ಕಾಣಿಸಿತು. ಆಕೆ ಏನೂ ಹೇಳಲಿಲ್ಲ. ಪುಸ್ತಕವನ್ನು ಮೆಲ್ಲನೆ ಮುಚ್ಚಿ ನಮ್ಮ ಕೈಗೆ ಕೊಟ್ಟಳು. ಗೆದ್ದಲು ಮಾಡದಿದ್ದ ಕೇಡನ್ನು ನಮ್ಮ ಅಜ್ಞಾನವು ಮಾಡಿತ್ತು.

ಆದುದರಿಂದ, ಕಾಯುವುದು ಕಾವಲುಗಾರನ ಕೆಲಸವಲ್ಲ. ಅದು ಅರಿತು ಮಾಡತಕ್ಕ ಕೆಲಸ. ವಸ್ತುಸಂಗ್ರಹಾಲಯಕ್ಕೆ ಒಂದು ಪದಾರ್ಥವು ಬಂದೊಡನೆ ಅದು ಎಲ್ಲಿಂದ, ಯಾರಿಂದ, ಯಾವ ದಿನ, ಯಾವ ಷರತ್ತಿನಿಂದ ಬಂತೆಂಬುದನ್ನು ದಾಖಲೆಪುಸ್ತಕದಲ್ಲಿ ಬರೆದು ಅದಕ್ಕೊಂದು ಸಂಖ್ಯೆಯನ್ನು ಕೊಡಬೇಕು. ಆ ಸಂಖ್ಯೆಯನ್ನು ಕಂಡಲ್ಲಿ ಗೀಚುವಂತಿಲ್ಲ. ಲೋಹ ಅಥವಾ ಮಡಕೆಯಾದರೆ, ಮುಂದೆ ಬೇಕಾದಾಗ ಕರಗಿಸಿ ತೆಗೆಯಬಹುದಾದ ಪಾರದರ್ಶಕ ಲೇಪವನ್ನು ಮರೆಯಾದ ಒಂದು ಕಡೆಯಲ್ಲಿ ಬಳಿದು ಅದರ ಮೇಲೆ ಬರೆಯಬೇಕು. ಬಟ್ಟೆಯಾದರೆ ಹತ್ತಿಯ ಪಟ್ಟಿಯಲ್ಲಿ ಬರೆದು ಸಡಿಲವಾಗಿ ಹೊಲಿಯಬೇಕು. ಬಣ್ಣದ ಬಟ್ಟೆಗೂ ಕಾಗದಕ್ಕೂ ಸುಮಾರು 50 ಲಕ್ಸಿಗಿಂತ ಹೆಚ್ಚು ಬೆಳಕು ಸಲ್ಲದೆಂದು ಈ ವಿದ್ಯೆಯವರು ಎಣಿಸುತ್ತಾರೆ. ಗಾಳಿಯ ತೇವವು ನೂರಕ್ಕೆ 65ನ್ನು ದಾಟಿ ನಿಂತರೆ ಬೂಷ್ಟು ಹಿಡಿಯುವ ಭಯವಿದೆ. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ತೇವವು ಆ ಮೇರೆಯ ಕೆಳಗೆ ಇಳಿಯುವುದೇ ಅಪೂರ್ವ. ಹೀಗಿರುವಾಗ ಓಲೆಗರಿ, ಫೋಟೋ, ಕಸೂತಿಯ ಬಟ್ಟೆ ಇವುಗಳನ್ನು ಮಳೆಗಾಲದಲ್ಲಿ ಕಾಪಾಡುವುದು ಎಂಥ ಕಷ್ಟದ ಕೆಲಸವೆಂಬುದನ್ನು ಮನೆಯಲ್ಲಿ ರೇಷ್ಮೆ ಸೀರೆಗಳನ್ನು ಮಡಿಸಿಟ್ಟಿರುವ ತಾಯಂದಿರಿಗೆ ನಾವು ಹೇಳಬೇಕಾದುದಿಲ್ಲ.

ಕಾದಿಟ್ಟರೆ ಸಾಲದು; ಇಟ್ಟುದನ್ನು ಮಾತಾಡಿಸಬೇಕು. 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಸೀಮೆಯ ಆತಕೂರಿನಿಂದ ತಂದ ಒಂದು ಶಿಲಾಶಾಸನವಿದೆ. ಅದು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಯುದ್ಧದ ವಿಷಯವನ್ನು ತಿಳಿಸುವ ಶಾಸನವೆಂದು ಚರಿತ್ರಕಾರರು ಅದನ್ನು ಬಹಳವಾಗಿ ಗೌರವಿಸುತ್ತಾರೆ. ಆದರೆ ಅದೇ ಕಲ್ಲಿನ ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಹೋರಾಡುವ ಚಿತ್ರವಿದೆ. ಮಣಲೇರನೆಂಬ ವೀರನು ದೊರೆಯಿಂದ ಮೆಚ್ಚುಗೆಯಾಗಿ ಪಡೆದ ಕಾಳಿ ಎಂಬ ಬೇಟೆನಾಯಿಯದು. ಅದು ಕಾಡುಹಂದಿಯೊಡನೆ ಕಾದಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗಾಗಿ ಕಲ್ಲು ನಿಲ್ಲಿಸಿದರು. ಇದನ್ನು ಅರಿಯದ ಮಗುವಿಗೆ ಅದೊಂದು ಕರಿಯ ಬಂಡೆ. ಮಗುವಿನ ಕಣ್ಣೆತ್ತರದಲ್ಲಿ ನಾಲ್ಕು ಸಾಲು ತಿಳಿಗನ್ನಡದ ಫಲಕವನ್ನಿಟ್ಟರೆ, ಸಾವಿರ ವರ್ಷಗಳಾಚೆಯ ನಾಯಿಯು ಬೊಗಳಿದ್ದು ಅದರ ಕಿವಿಗೆ ಕೇಳಿಸುತ್ತದೆ. ಆ ನಾಲ್ಕು ಸಾಲುಗಳನ್ನು ಬರೆಯಲು ಹಳಗನ್ನಡವೂ ಬೇಕು, ಚರಿತ್ರೆಯೂ ಬೇಕು, ಮಕ್ಕಳ ಮನಸ್ಸಿನ ಪರಿಚಯವೂ ಬೇಕು. ಇದು ಕಾವಲುಗಾರನಿಂದ ಆಗುವ ಕೆಲಸವೇ?

ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಪದ್ಧತಿಯು ಬಹಳ ಹಳೆಯದಲ್ಲ. ಅಮೆರಿಕಾ ದೇಶದ ಫಿಲಡೆಲ್ಫಿಯಾದಲ್ಲಿ 1908ರಲ್ಲಿ ಇದರ ಪಾಠಗಳನ್ನು ಮೊದಲಾಗಿ ನಡೆಸಿದವರಲ್ಲಿ ಸಾರಾ ಯಾರ್ಕ್ ಸ್ಟೀವನ್‌ಸನ್ ಎಂಬ ವಿದುಷಿಯ ಹೆಸರು ಪ್ರಸಿದ್ಧವಾಗಿದೆ. ಒಬ್ಬ ಸ್ತ್ರೀಯು ಈ ದಾರಿಯನ್ನು ತೋರಿದಳೆಂಬುದನ್ನು ನಮ್ಮ ಹುಡುಗಿಯರು ನೆನಪಿನಲ್ಲಿಡಲಿ. ನಮ್ಮ ದೇಶದಲ್ಲಿ 1936ರಲ್ಲಿ ಮಾರ್ಕಮ್ ಮತ್ತು ಹಾರ್ಗ್ರೀವ್ಸ್ ಎಂಬಿಬ್ಬರು ಭಾರತದ ವಸ್ತುಸಂಗ್ರಹಾಲಯಗಳ ಸ್ಥಿತಿಗತಿಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದರು. ಬಡೋದೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ 1952ರಲ್ಲಿ ಈ ವಿದ್ಯೆಗೆಂದೇ ಒಂದು ವಿಭಾಗವು ಆರಂಭವಾಯಿತು. ಭಾರತದಲ್ಲಿ ಇದೇ ಮೊದಲನೆಯದು. 1959ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯವೂ, ಬಳಿಕ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯವೂ ಇದನ್ನು ಕೈಕೊಂಡವು. 1989ರಲ್ಲಿ ದೆಹಲಿಯ ನ್ಯಾಷನಲ್ ಮ್ಯೂಸಿಯಮಿಗೆ ಸೇರಿದಂತೆ ಒಂದು ವಿದ್ಯಾಸಂಸ್ಥೆಯು ಏರ್ಪಟ್ಟು, ಕಲೆಯ ಇತಿಹಾಸ, ಸಂರಕ್ಷಣೆ, ವಸ್ತುಸಂಗ್ರಹಾಲಯಶಾಸ್ತ್ರ ಎಂಬ ಮೂರು ವಿಷಯಗಳಲ್ಲಿ ಪಾಠಗಳು ನಡೆದುವು. ಇವುಗಳಲ್ಲಿ ಮುಖ್ಯವಾದುದು ಎಂ.ಎ. ಮಟ್ಟದ ಶಿಕ್ಷಣ, ಪದವೀಧರರಾದ ಮೇಲೆ ಸೇರತಕ್ಕದ್ದು.

ಹಾಗಾದರೆ ಪದವಿಗೆ ಮುಂಚಿನ ತರಗತಿಗಳಲ್ಲಿಯೇ ಇದನ್ನು ಕಲಿಯಬೇಕೆಂಬ ನಮ್ಮ ಹುಡುಗಿಯ ಆಸೆಯು ಸಾಧುವೇ? ಇಲ್ಲಿ ವಿದ್ವಾಂಸರಲ್ಲಿ ಎರಡು ಪಕ್ಷಗಳಿವೆ. ಮೊದಲು ಒಂದು ಶಾಸ್ತ್ರವನ್ನು ಚೆನ್ನಾಗಿ ಓದಲಿ, ಆಮೇಲೆ ಈ ಕೆಲಸವನ್ನು ಕಲಿಯಲಿ ಎನ್ನುವವರು ಒಂದು ಪಕ್ಷ. ಚಿಕ್ಕಂದಿನಲ್ಲಿಯೇ ಕೈ ಬಗ್ಗಬೇಕು, ಇಪ್ಪತ್ತೆರಡು ವರ್ಷದವರೆಗೆ ಪುಸ್ತಕವನ್ನು ಮಾತ್ರ ಹಿಡಿದ ಕೈಗೆ ಮಡಕೆಯನ್ನು ಹಿಡಿಯುವ ನಯ ಬಾರದು ಎನ್ನುವವರು ಇನ್ನೊಂದು ಪಕ್ಷ. ನಾವು ಎರಡರ ಸಾರವನ್ನೂ ಒಪ್ಪಿ, ಒಂದು ನಡುದಾರಿಯನ್ನು ಸೂಚಿಸುವೆವು: ಬೇರು ಒಂದು ಶಾಸ್ತ್ರದಲ್ಲಿರಲಿ, ಕೊಂಬೆಯು ವಸ್ತುಸಂಗ್ರಹಾಲಯದ ಕಡೆಗೆ ಚಾಚಲಿ.

ಬೇರು ಏತಕ್ಕೆ ಬೇಕೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಕೊಡುವೆವು. ಪ್ರಾಚೀನ ಕಂಚಿನ ವಿಗ್ರಹಗಳ ಮೇಲೆ ಒಮ್ಮೊಮ್ಮೆ ತಿಳಿಹಸುರು ಪುಡಿಯೊಂದು ಕಾಣಿಸಿಕೊಳ್ಳುತ್ತದೆ. ಮಣ್ಣಿನಿಂದ ಸೇರಿದ ಕ್ಲೋರೈಡು ಲವಣವು ತೇವದೊಡನೆ ಕೂಡಿ ಲೋಹವನ್ನು ಒಳಗಿಂದೊಳಗೇ ಕೊರೆಯುವುದರ ಗುರುತದು. ಅದಕ್ಕೆ ಕಂಚಿನ ರೋಗವೆಂದೇ ಹೆಸರು. ಮದರಾಸಿನ ಮ್ಯೂಸಿಯಮಿನಲ್ಲಿ 1930ರ ದಶಕದಷ್ಟು ಹಿಂದೆಯೇ ರಸಾಯನಶಾಸ್ತ್ರಜ್ಞರು ಇಂಥ ವಿಗ್ರಹಗಳಿಗೆ ಚಿಕಿತ್ಸೆಮಾಡಿದರು. ರಸಾಯನಶಾಸ್ತ್ರವನ್ನು ಓದದವಳಿಗೆ ಆ ಹಸುರು ಪುಡಿಯೂ, ವಿಗ್ರಹವನ್ನು ಕಾಪಾಡುವ ಹಳೆಯ ಹಸುರು ಪೊರೆಯೂ ಒಂದೇ ಆಗಿ ಕಾಣುವುವು. ನಮ್ಮ ಹುಣಿಸೇಹಣ್ಣಿನ ಕಥೆಯು ಮತ್ತೆ ನಡೆಯುವುದು.

ಎರಡನೆಯದು ಚರಿತ್ರೆಯದು. ತಮಿಳುನಾಡಿನ ಶ್ರೀಪುರಂದಾನ್ ಎಂಬ ಗ್ರಾಮದ ದೇವಾಲಯದಿಂದ ಕಳುವಾದ ಚೋಳರ ಕಾಲದ ನಟರಾಜ ವಿಗ್ರಹವನ್ನು ಆಸ್ಟ್ರೇಲಿಯಾ ದೇಶದ ರಾಷ್ಟ್ರೀಯ ಕಲಾಶಾಲೆಯು 2008ರಲ್ಲಿ ಒಬ್ಬ ವ್ಯಾಪಾರಿಯಿಂದ ಕೊಂಡಿತು. 2014ರಲ್ಲಿ ಅದು ಭಾರತಕ್ಕೆ ಹಿಂದಿರುಗಿತು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಯೇ ದೇವಾಲಯದಲ್ಲಿ ತೆಗೆದಿಟ್ಟಿದ್ದ ಛಾಯಾಚಿತ್ರಗಳು ವಿಗ್ರಹದ ನಿಜಸ್ಥಾನವನ್ನು ತೋರಿಸಲು ನೆರವಾದುವು. ಯಾರೋ ಒಬ್ಬರು ಶಾಂತವಾಗಿ ಕುಳಿತು ಚಿತ್ರಗಳಿಗೆ ಊರನ್ನೂ ಹೆಸರನ್ನೂ ಬರೆದು ಒಪ್ಪವಾಗಿ ಇಟ್ಟಿದ್ದರು. ಆ ಬರವಣಿಗೆಯು ದೇವರನ್ನು ಸಮುದ್ರದಾಚೆಯಿಂದ ತಂದಿತು. ವಸ್ತುವಿನ ಹಿಂದಣ ದಾಖಲೆಯನ್ನು ಪರೀಕ್ಷಿಸದೆ ಕೊಳ್ಳುವುದು ಕಳವಿಗೆ ಬಾಗಿಲು ತೆರೆದಂತೆ. ಇದನ್ನು ಪರೀಕ್ಷಿಸಲು ಚರಿತ್ರೆಯ ಶಿಸ್ತು ಬೇಕು. ಅದರ ಜತೆಗೆ 1972ರ ಪ್ರಾಚ್ಯವಸ್ತುಗಳ ಕಾನೂನಿನ ತಿಳಿವಳಿಕೆಯೂ ಬೇಕು.

ಹಾಗಾದರೆ ಕೊಂಬೆಯನ್ನು ಎಂ.ಎ. ತರಗತಿಯವರೆಗೆ ತಡೆದರೇನೆಂದು ಕೇಳಬಹುದು. ನಮ್ಮ ಉತ್ತರವು ಮೂರು ವಿಧ. ಮೊದಲನೆಯದಾಗಿ, ಈ ಕೆಲಸಕ್ಕೆ ತಾಳ್ಮೆ ಬೇಕು. ಒಂದು ಮಧ್ಯಾಹ್ನವೆಲ್ಲ ಇಪ್ಪತ್ತು ಮಣಿಗಳನ್ನು ಅಳೆದು ಬರೆಯುವುದರಲ್ಲಿ ಸಂತೋಷವು ದೊರೆಯುವುದೋ ಇಲ್ಲವೋ ಎಂಬುದನ್ನು ಹುಡುಗಿಯು ಹದಿನೆಂಟು ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಕಂಡುಕೊಂಡರೆ, ಮುಂದೆ ಹಣವನ್ನೂ ಕಾಲವನ್ನೂ ಕಳೆದುಕೊಂಡು ಪಶ್ಚಾತ್ತಾಪಪಡುವ ಕಾರಣವಿರದು. ಎರಡನೆಯದಾಗಿ, ಎಲ್ಲರೂ ಎಂ.ಎ. ಓದಲಾರರು. ಬಿ.ಎ. ಮುಗಿಸಿ ಮದುವೆಯಾಗಿ ಊರಿಗೆ ಹೋಗುವವಳೂ, ಶಾಲೆಯಲ್ಲಿ ಉಪಾಧ್ಯಾಯಿನಿಯಾಗುವವಳೂ ಈ ವಿದ್ಯೆಯ ಮೊದಲ ಪಾಠಗಳನ್ನು ಬಲ್ಲವಳಾದರೆ, ಆ ಊರಿನ ದೇವಾಲಯದ ತಾಮ್ರಪಟವೋ ಇಗರ್ಜಿಯ ಹಳೆಯ ಪುಸ್ತಕವೋ ಮನೆತನದ ಓಲೆಗರಿಯೋ ಉಳಿದೀತು. ಮೂರನೆಯದಾಗಿ, ನಮ್ಮ ಸೀಮೆಯಲ್ಲಿಯೇ ಕಲಿಯಲು ಸ್ಥಳಗಳಿವೆ. ಮೈಸೂರು ವಿಶ್ವವಿದ್ಯಾನಿಲಯದವರು 1968ರಲ್ಲಿ ಸ್ಥಾಪಿಸಿದ, ಈಗ ಜಯಲಕ್ಷ್ಮೀವಿಲಾಸ ಮಹಲಿನಲ್ಲಿರುವ ಜಾನಪದ ವಸ್ತುಸಂಗ್ರಹಾಲಯದಲ್ಲಿ ರಾಜರ ಒಡವೆಗಳಿಗಿಂತ ರೈತನ ನೇಗಿಲಿಗೂ ತೊಗಲುಗೊಂಬೆಗೂ ಮರ್ಯಾದೆ ದೊರೆತಿದೆ. ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರಕಾರೀ ವಸ್ತುಸಂಗ್ರಹಾಲಯವು 1960ರಿಂದ ಇದೆ. ಸಂತ ಅಲೋಶಿಯಸ್ ಕಾಲೇಜಿನವರ ಸಂಗ್ರಹವು ಅದಕ್ಕಿಂತಲೂ ಹಿಂದಿನದು. ಬಲ್ಮಠದಲ್ಲಿ ಬಾಸೆಲ್ ಮಿಶನಿನ ಹಳೆಯ ಕಾಗದಪತ್ರಗಳ ಭಂಡಾರವಿದೆ. ರಜಾದಿನಗಳಲ್ಲಿ ಇಂಥಲ್ಲಿ ಒಂದೆರಡು ತಿಂಗಳು ಕೈಗೆಲಸ ಕಲಿತವಳು ಪುಸ್ತಕದ ಪಾಠಕ್ಕಿಂತ ಹೆಚ್ಚನ್ನು ಕಲಿತಾಳು. 2020ರ ರಾಷ್ಟ್ರೀಯ ಶಿಕ್ಷಣನೀತಿಯು ಮುಖ್ಯ ವಿಷಯದೊಡನೆ ಬೇರೊಂದು ವಿಷಯವನ್ನು ಬೆರಸಿ ಓದುವುದನ್ನು ಪ್ರೋತ್ಸಾಹಿಸಿರುವುದರಿಂದ, ಕಾಲೇಜಿನವರು ಮನಸ್ಸುಮಾಡಿದರೆ ಈ ಏರ್ಪಾಡು ಅಸಾಧ್ಯವಲ್ಲ.

ಇನ್ನು ತಂದೆಗಳ ಭಯ. ಇದನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಈ ವಿದ್ಯೆಯನ್ನು ಕಲಿತವರಿಗೆಲ್ಲ ಕೆಲಸ ಕಾದಿದೆಯೆಂದು ಹೇಳಿದರೆ ಅದು ಸುಳ್ಳಾದೀತು. ಸರಕಾರದ ಸ್ಥಾನಗಳು ಕೊಂಚ; ಖಾಲಿಯಾದ ಸ್ಥಾನವು ತುಂಬುವುದು ನಿಧಾನ; ಆರಂಭದ ಸಂಬಳವು ವೈದ್ಯಕೀಯವನ್ನೋ ಎಂಜಿನಿಯರಿಂಗನ್ನೋ ಓದಿದವರದಕ್ಕೆ ಸಮನಾಗದು. ಅಂತೆಯೇ ನಾವು ಬೇರಿನ ಶಾಸ್ತ್ರವನ್ನು ಬಿಡಬೇಡಿರೆಂದು ಒತ್ತಿ ಹೇಳುವುದು. ರಸಾಯನಶಾಸ್ತ್ರವನ್ನೋ ಚರಿತ್ರೆಯನ್ನೋ ಚೆನ್ನಾಗಿ ಓದಿದವಳಿಗೆ ಒಂದು ಬಾಗಿಲು ಮುಚ್ಚಿದರೂ ಇನ್ನೊಂದು ತೆರೆದಿರುತ್ತದೆ. ಪತ್ರಾಗಾರಗಳು, ಗ್ರಂಥಾಲಯಗಳು, ಬ್ಯಾಂಕುಗಳೂ ಕಾರ್ಖಾನೆಗಳೂ ಇಟ್ಟುಕೊಂಡಿರುವ ಚರಿತ್ರಸಂಗ್ರಹಗಳು, ಖಾಸಗಿಯವರು ಹೊಸದಾಗಿ ಕಟ್ಟುತ್ತಿರುವ ವಸ್ತುಸಂಗ್ರಹಾಲಯಗಳು ಸಹ ಇಂಥವರನ್ನು ಕೇಳುತ್ತವೆ. ಹೊಟ್ಟೆಪಾಡಿನ ಲೆಕ್ಕವನ್ನು ಮರೆಯಬೇಕಾಗಿಲ್ಲ. ಆ ಲೆಕ್ಕದೊಡನೆ ಮಗಳ ಮನಸ್ಸನ್ನೂ ಒಂದು ಅಂಕಿಯಾಗಿ ಬರೆದುಕೊಳ್ಳಿರೆಂದಷ್ಟೇ ನಮ್ಮ ಬಿನ್ನಹ.

ಹೆಣ್ಣುಮಕ್ಕಳಿಗೆ ಇದು ತಕ್ಕ ಕೆಲಸವೇ ಎಂದು ಕೇಳುವವರಿಗೆ ಇಬ್ಬರ ಹೆಸರುಗಳನ್ನು ಹೇಳಿದರೆ ಸಾಕು. 1960ರಲ್ಲಿ ದೆಹಲಿಯ ನ್ಯಾಷನಲ್ ಮ್ಯೂಸಿಯಮಿಗೆ ನಿರ್ದೇಶಕಿಯಾಗಿ ಬಂದವರು ಗ್ರೇಸ್ ಮಾರ್ಲಿ ಎಂಬ ಅಮೆರಿಕಾದ ಮಹಿಳೆ. ಅವರು ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಲಾ ವಸ್ತುಸಂಗ್ರಹಾಲಯವನ್ನು 1935ರಿಂದ ನಡೆಸಿದ್ದವರು. ಭಾರತದ ಅನೇಕರಿಗೆ ಈ ವಿದ್ಯೆಯನ್ನು ಕಲಿಸಿ, ಇಲ್ಲಿಯೇ ನೆಲೆನಿಂತು, 1985ರಲ್ಲಿ ದೆಹಲಿಯಲ್ಲಿಯೇ ತೀರಿಕೊಂಡರು. ಎರಡನೆಯವರು ನಮ್ಮವರೇ: 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ನೇಕಾರನ ಮಗ್ಗವನ್ನೂ ಕುಂಬಾರನ ತಿಗರಿಯನ್ನೂ ದೇಶದ ಸಂಪತ್ತೆಂದು ಎಣಿಸಿ, ಕರಕುಶಲ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿದ್ದ ಅವರ ಕಾಲದಲ್ಲಿಯೇ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯಕ್ಕೆ ತಳಹದಿ ಬಿತ್ತು. ಸಾಲದುದಕ್ಕೆ, ಮನೆಯ ಪಾತ್ರೆಪದಾರ್ಥ, ಬಟ್ಟೆಬರೆ, ಬೀಜಬಿತ್ತುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರಾದರೂ ಯಾರು?

ತಿಳಿದವರು ಇದ್ದರೂ ಕೇಡು ಬಾರದೆಂದಲ್ಲ. ದೆಹಲಿಯಲ್ಲಿ 1978ರಲ್ಲಿ ತೆರೆದಿದ್ದ ಪ್ರಾಕೃತಿಕ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2016ರ ಏಪ್ರಿಲ್ 26ರಂದು ಬೆಂಕಿಗೆ ಆಹುತಿಯಾಯಿತು. 2018ರ ಸೆಪ್ಟೆಂಬರ್ 2ರಂದು ಬ್ರೆಜಿಲ್ ದೇಶದ ರಾಷ್ಟ್ರೀಯ ಮ್ಯೂಸಿಯಮಿಗೂ ಅದೇ ಗತಿಯಾಯಿತು. ಸುಟ್ಟುಹೋದ ಮನೆಯನ್ನು ಮತ್ತೆ ಕಟ್ಟಬಹುದು. ಸುಟ್ಟುಹೋದ ಮೂಲವಸ್ತುವನ್ನು ಮತ್ತೆ ಪಡೆಯುವಂತಿಲ್ಲ. ಆದರೆ ವಿವರವಾದ ದಾಖಲೆಯೂ ಚಿತ್ರವೂ ಬೇರೊಂದು ಕಡೆಯಲ್ಲಿದ್ದರೆ ಅದರ ಜ್ಞಾನವಾದರೂ ಉಳಿಯುತ್ತದೆ. ಆದುದರಿಂದ ಬಲ್ಲವರ ಸಂಖ್ಯೆಯು ಹೆಚ್ಚಬೇಕು. ಅವರು ದೊಡ್ಡ ನಗರಗಳಲ್ಲಿ ಮಾತ್ರವಲ್ಲದೆ ಸಣ್ಣ ಊರುಗಳಲ್ಲಿಯೂ ಇರಬೇಕು. ನಮ್ಮ ಸೀಮೆಯಲ್ಲಿ ಕೆಲಸಮಾಡಿದ ಬಾಸೆಲ್ ಮಿಶನಿನವರು 1860ರಲ್ಲಿಯೇ ತಮ್ಮ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು; ದಕ್ಷಿಣ ಭಾರತದಿಂದ ಹೋದ ವಸ್ತುಗಳೂ ಅದರಲ್ಲಿ ಸೇರಿದುವು. ಆ ಸಂಗ್ರಹವು ಈಗ ಬಾಸೆಲ್ ನಗರದ ದೊಡ್ಡ ಮ್ಯೂಸಿಯಮಿನಲ್ಲಿದೆ. ನಮ್ಮ ಅಜ್ಜಿಯರು ಬಳಸುತ್ತಿದ್ದಂಥ ಪದಾರ್ಥಗಳು ಅಲ್ಲಿ ಸಂಖ್ಯೆ ಹೊತ್ತು ಕುಳಿತಿರುವಾಗ, ಇಲ್ಲಿ ಅವುಗಳ ಜೊತೆಯ ಪದಾರ್ಥಗಳನ್ನು ಗುಜರಿಯವನಿಗೆ ತೂಕಕ್ಕೆ ಕೊಡುತ್ತಿದ್ದೇವಲ್ಲವೇ?

ನಮ್ಮ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಿ ಮುಗಿಸುವೆವು. ತಂದೆತಾಯಿಗಳೇ, ಮಗಳು ಈ ವಿದ್ಯೆಯನ್ನು ಕೇಳಿದರೆ ನಗಬೇಡಿರಿ. ಯಾವ ಶಾಸ್ತ್ರದಲ್ಲಿ ಬೇರೂರುವೆಯೆಂದು ಕೇಳಿರಿ. ಒಂದು ರಜೆಯಲ್ಲಿ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿ ನೋಡಿರಿ. ಹುಡುಗಿಯರೇ, ಹಳೆಯದೆಲ್ಲ ಸುಂದರವೆಂಬ ಬರಿಯ ಮೋಹದಿಂದ ಇದಕ್ಕೆ ಬರಬೇಡಿರಿ. ಧೂಳು, ಪಟ್ಟಿ, ಸಂಖ್ಯೆ, ತಾಳ್ಮೆ ಇವೇ ಈ ವಿದ್ಯೆಯ ದಿನದಿನದ ಊಟ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಪೆಟ್ಟಿಗೆಗಳಲ್ಲಿ ಶಾಲೆಯ ಕಾಲದ ಲೇಸು, ಬಹುಮಾನದ ಪುಸ್ತಕ, ಗುಂಪಿನ ಫೋಟೋ ಏನಿದ್ದರೂ ಬಿಸಾಡುವ ಮುಂಚೆ ನಮಗೊಂದು ಕಾಗದ ಬರೆಯಿರಿ. ಫೋಟೋವಿನಲ್ಲಿರುವವರ ಹೆಸರುಗಳನ್ನು ಬೇರೊಂದು ಹಾಳೆಯಲ್ಲಿ ಬರೆದಿಡಿರಿ. ಚಿತ್ರದ ಹಿಂದೆ ಶಾಯಿಯಿಂದ ಬರೆಯಬೇಡಿರಿ, ಮತ್ತು ದಯವಿಟ್ಟು ಸೆಲ್ಲೋಟೇಪು ಅಂಟಿಸಬೇಡಿರಿ.

ಆ ಹುಡುಗಿಯ ತಂದೆಯವರು ಈ ಸಂಚಿಕೆಯನ್ನು ಓದುವರೆಂದು ನಂಬಿದ್ದೇವೆ. ಅವರ ಪ್ರಶ್ನೆಗೆ ನಮ್ಮ ಉತ್ತರವು ಇಷ್ಟೇ: ಸ್ವಾಮೀ, ಕಾವಲುಗಾರನಿಗೆ ಡಿಗ್ರಿ ಬೇಡ, ನಿಜ. ಆದರೆ ನಮ್ಮ ಹಾಜರಿ ಪುಸ್ತಕದ ಆ ಕಂದು ಪಟ್ಟಿಯ ಕೆಳಗೆ ಒಬ್ಬ ಹೆಣ್ಣುಮಗಳ ಹೆಸರಿದೆ. ಅಂಟನ್ನು ಕಾಗದಕ್ಕೆ ನೋವಾಗದಂತೆ ಬಿಡಿಸಿ ಅದನ್ನು ಮತ್ತೆ ಓದಬಲ್ಲವರು ನಮ್ಮಲ್ಲಿ ಒಬ್ಬರೂ ಇಲ್ಲ. ಆ ಪುಸ್ತಕವನ್ನು ಈಗ ಬಟ್ಟೆಯಲ್ಲಿ ಸುತ್ತಿ, ಬೆಳಕು ತಾಗದ ಕಪಾಟಿನಲ್ಲಿಟ್ಟಿದ್ದೇವೆ. ನಿಮ್ಮ ಮಗಳು ಕಲಿತು ಬರುವ ತನಕ ಅದನ್ನು ಮುಟ್ಟುವುದಿಲ್ಲ.